ಭೂಮಾಪನ ಮತ್ತು ವೈಮಾನಿಕ ಸರ್ವೆ ವೃತ್ತಿಯ ಚರಿತ್ರೆಯನ್ನು ಉಳಿಸಿಕೊಳ್ಳುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ,
ಬೆಂಗಳೂರು.

ಪ್ರತಿ: ನಿರ್ದೇಶಕರು, ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಬೆಂಗಳೂರು.

ಇವರಿಂದ: ರಾಜ್ಯದ ನಿವೃತ್ತ ಭೂಮಾಪಕರು, ನಕ್ಷೆಗಾರರು ಹಾಗೂ ವೈಮಾನಿಕ ಸರ್ವೆಯಲ್ಲಿ ದುಡಿದವರು.

ವಿಷಯ: ಹಳೆಯ ಸರ್ವೆ ದಾಖಲೆ, ಉಪಕರಣ, ನೆಲದ ಗುರುತುಗಳ ಜತೆಗೆ ಅವನ್ನು ಬಳಸುವ ವಿದ್ಯೆಯನ್ನೂ ಸಂರಕ್ಷಿಸುವ ಬಗ್ಗೆ.

ಮಾನ್ಯರೆ,

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವ ‘ಭೂ ಸುರಕ್ಷಾ’ ಯೋಜನೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಗೆದ್ದಲು, ಇಲಿ, ಸೋರುವ ಸೂರು ಇವುಗಳ ಪಾಲಾಗುತ್ತಿದ್ದ ಕಾಗದ ಇನ್ನು ಮುಂದಾದರೂ ಉಳಿದೀತು. ನಮ್ಮ ಆತಂಕ ಬೇರೆ. ಕಾಗದ ಉಳಿದರೂ ಅದನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಹೊಲದ ಅಳತೆ ಬರೆದಿಟ್ಟ ಒಂದು ಹಳೆಯ ಟಿಪ್ಪಣಿಯನ್ನೇ ನೋಡಿ. ನಡುವೆ ಆಧಾರ ರೇಖೆ, ಅದರ ಎಡಬಲಕ್ಕೆ ಬಾಂದು ಕಲ್ಲು ಮುಟ್ಟುವ ಅಡ್ಡಗೆರೆಗಳು, ಪಕ್ಕದಲ್ಲಿ ಸರಪಳಿ ಮತ್ತು ಆಣೆಗಳ ಅಂಕಿ. 33 ಅಡಿಯ ಸರಪಳಿಗೆ 16 ಆಣೆ, ಸರಪಳಿ ಉದ್ದ ಸರಪಳಿ ಅಗಲದ ಜಾಗಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. 5 ಸರಪಳಿ 9 ಆಣೆ ಎಂದರೆ ಸುಮಾರು 183 ಅಡಿ 7 ಅಂಗುಲ. ಇದನ್ನೇ ದಶಮಾಂಶದ ಅಭ್ಯಾಸದಲ್ಲಿ 5.9 ಸರಪಳಿ ಎಂದು ಓದಿಬಿಟ್ಟರೆ 194 ಅಡಿ ದಾಟುತ್ತದೆ. ನಡುವಿನ ಹನ್ನೊಂದು ಅಡಿಯಲ್ಲಿ ಒಂದು ಬಂಡಿದಾರಿಯೇ ಹೋಗುತ್ತದೆ. ಅಣ್ಣತಮ್ಮಂದಿರು ಕೋರ್ಟು ಹತ್ತುವುದಕ್ಕೆ ಅಷ್ಟು ಸಾಕು. ಪಕ್ಕಾ ಬುಕ್, ಆಕಾರ್ ಬಂದ್, ಹಿಸ್ಸಾ ಟಿಪ್ಪಣಿ, ಕ್ಲಾಸರ್ ರಿಜಿಸ್ಟರ್ ಮೊದಲಾದ ಸರ್ವೆ ದಾಖಲೆಗಳಿಗೂ ಇಂಥದೇ ಒಳಲೆಕ್ಕಗಳಿವೆ. ಹಳೇ ಮೈಸೂರು ಪ್ರಾಂತ್ಯದಲ್ಲಿ ಒಂದು ರೂಢಿ, ಮುಂಬಯಿ ಕರ್ನಾಟಕದಲ್ಲಿ ಇನ್ನೊಂದು. ಇವು ಹಿರಿಯ ಸರ್ವೇಯರ್ ಕಿರಿಯರಿಗೆ ಹೊಲದ ಬದುವಿನ ಮೇಲೆ ನಿಂತು ಹೇಳಿಕೊಟ್ಟ ಪಾಠಗಳು. ಇವುಗಳಲ್ಲಿ ಎಷ್ಟೋ ಬರವಣಿಗೆಗೆ ಇಳಿದೇ ಇಲ್ಲ.

ವೈಮಾನಿಕ ಸರ್ವೆಯ ಕಥೆ ಇನ್ನೂ ಕಷ್ಟದ್ದು. ಭಾರತ ಸರ್ವೇಕ್ಷಣ ಇಲಾಖೆಗಾಗಿ, ಆಮೇಲೆ 1975ರಲ್ಲಿ ಆರಂಭವಾದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಗಾಗಿ, ವಿಮಾನಗಳು ಪಟ್ಟಿ ಪಟ್ಟಿಯಾಗಿ ಹಾರಿ ಚಿತ್ರ ತೆಗೆಯುತ್ತಿದ್ದವು. ಒಂದು ಚಿತ್ರದ ಶೇ 60ರಷ್ಟು ಭಾಗ ಮುಂದಿನ ಚಿತ್ರದಲ್ಲೂ ಬರಬೇಕು. ಆಗಲೇ ಸ್ಟೀರಿಯೋಸ್ಕೋಪಿನ ಕೆಳಗೆ ಎರಡನ್ನೂ ಇಟ್ಟಾಗ ಬೆಟ್ಟ ಮೇಲೆದ್ದು, ಕಣಿವೆ ಕೆಳಗಿಳಿದು ಕಾಣುವುದು. 23 ಸೆಂಟಿಮೀಟರಿನ ಆ ಚೌಕ ಚಿತ್ರದ ಅಂಚಿನಲ್ಲಿ ಗಡಿಯಾರ, ಎತ್ತರಮಾಪಕ, ರಸಮಟ್ಟದ ಗುಳ್ಳೆ ಕೂಡ ಅಚ್ಚಾಗಿರುತ್ತವೆ. ಬೆನ್ನ ಮೇಲೆ ಇರುವುದು ನೆಲದಲ್ಲಿ ನಡೆದವನ ಕೈಬರಹ. ಸೂಜಿಯಿಂದ ಚುಚ್ಚಿದ ಒಂದು ಬಿಂದು, ಸುತ್ತ ಪೆನ್ಸಿಲಿನ ಸೊನ್ನೆ, ಪಕ್ಕದಲ್ಲಿ ಬಾವಿಯ ಮೂಲೆಯೋ ಕಾಲುದಾರಿ ಕೂಡುವ ಜಾಗವೋ ಎಂಬ ಪುಟ್ಟ ಚಿತ್ರ. ಸ್ಕ್ಯಾನ್ ಮಾಡುವವರು ಸಾಮಾನ್ಯವಾಗಿ ಮುಮ್ಮುಖವನ್ನಷ್ಟೇ ಸ್ಕ್ಯಾನ್ ಮಾಡುತ್ತಾರೆ. ಇನ್ನು ಅಸಿಟೇಟ್ ಫಿಲ್ಮಿಗೆ ಸೆಕೆ, ತೇವ ಎರಡೂ ಆಗದು. ಡಬ್ಬಿ ತೆರೆದಾಗ ವಿನೆಗರಿನ ಹುಳಿವಾಸನೆ ಬಂತೆಂದರೆ ಫಿಲ್ಮು ಕೆಡಲು ಶುರುವಾಗಿದೆ ಎಂದೇ ಅರ್ಥ.

ನೆಲದ ಗುರುತುಗಳ ಸ್ಥಿತಿ ತಮಗೆ ತಿಳಿಯದ್ದಲ್ಲ. ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ 1802ರಲ್ಲಿ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸುವುದಕ್ಕೂ ಮೊದಲೇ, 1800ರಲ್ಲಿ, ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರ ರೇಖೆ ಅಳೆದಿದ್ದ. 1868ರಲ್ಲಿ ಇಲ್ಲೇ ಮತ್ತೊಂದು ಆಧಾರ ರೇಖೆ ಅಳೆಯಲಾಯಿತು. ಅದಕ್ಕೆ ಸೇರಿದ, ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನ ವೀಕ್ಷಣಾ ಕಟ್ಟಡವನ್ನು ನಮ್ಮ ಕಣ್ಣೆದುರೇ ಕಳೆದುಕೊಂಡೆವು. ಹಳೆಯ ಸೇತುವೆ, ದೇವಸ್ಥಾನದ ಕಟ್ಟೆಗಳ ಮೇಲೆ ಬಾಣದ ಗುರುತಿನೊಂದಿಗೆ ಕೆತ್ತಿದ ಸಮುದ್ರಮಟ್ಟದ ಬೆಂಚ್‌ಮಾರ್ಕುಗಳು ರಸ್ತೆ ಅಗಲೀಕರಣದಲ್ಲಿ ಜಲ್ಲಿಯಾಗುತ್ತಿವೆ. ಗುತ್ತಿಗೆದಾರನನ್ನು ದೂರಿ ಫಲವಿಲ್ಲ, ಅದು ಏನೆಂದು ಅವನಿಗೆ ಹೇಳಿದವರಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಎಲ್ಲಕ್ಕಿಂತ ತುರ್ತಾದದ್ದು ಹಿರಿಯರ ಮಾತುಗಳ ದಾಖಲೀಕರಣ. ಸರಪಳಿ, ಪ್ಲೇನ್ ಟೇಬಲ್, ಥಿಯೋಡೊಲೈಟ್ ಹಿಡಿದು ಕೆಲಸ ಮಾಡಿದವರಲ್ಲಿ ಬದುಕಿರುವವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಸ್ಟೀರಿಯೋ ಪ್ಲಾಟರ್ ಮುಂದೆ ಕಣ್ಣು ನೋಯುವವರೆಗೆ ಕೂತು ಸಮೋನ್ನತಿ ರೇಖೆ ಎಳೆದವರೂ, ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದವರೂ ಹಾಗೆಯೇ. ಅವರನ್ನು ಸ್ಟುಡಿಯೋದಲ್ಲಿ ಕೂರಿಸಿ ನೆನಪು ಕೇಳಿದರೆ ಸಾಲದು. ಒಂದು ಟಿಪ್ಪಣಿ, ಒಂದು ಜೋಡಿ ಚಿತ್ರ ಕೈಗೆ ಕೊಟ್ಟು, ಓದಿಸಿ, ವಿಡಿಯೊ ಮಾಡಬೇಕು. ಕಲ್ಲು ಹೊತ್ತ, ಸರಪಳಿ ಎಳೆದ, ಧ್ವಜ ಹಿಡಿದ ನೌಕರರ ಹೆಸರುಗಳನ್ನು ಹಳೆಯ ಹಾಜರಿ ಪುಸ್ತಕಗಳಿಂದ ಹೆಕ್ಕಿ ಪಟ್ಟಿ ಮಾಡಬೇಕು. ಎವರೆಸ್ಟಿನ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರರ ಹೆಸರು ಹೇಗೋ ಉಳಿಯಿತು; ಸಾವನದುರ್ಗದ ಬೆಟ್ಟಕ್ಕೆ ಸರ್ವೆ ಉಪಕರಣ ಹೊತ್ತವರ ಹೆಸರು ಉಳಿಯಲಿಲ್ಲ.

ಎರಡನೆಯದಾಗಿ, ಸ್ಕ್ಯಾನ್ ಆದ ಮೇಲೆ ಮೂಲ ಪ್ರತಿಗಳನ್ನು ಯಾವ ಕಾರಣಕ್ಕೂ ವಿಲೇವಾರಿ ಮಾಡಬಾರದೆಂದು ಲಿಖಿತ ಆದೇಶ ಹೊರಡಿಸಿ, ಆಯ್ದ ಮೂಲಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕು. ಚಿತ್ರ, ನಕ್ಷೆಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಬೇಕು.

ಮೂರನೆಯದು ವೈಮಾನಿಕ ಚಿತ್ರಗಳ ವಿಷಯ. ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ನಕ್ಷೆ ಮತ್ತು ಭೂ ದತ್ತಾಂಶದ ಮೇಲಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಕರ್ನಾಟಕಕ್ಕೆ ಸಂಬಂಧಿಸಿದ ಹಳೆಯ ವೈಮಾನಿಕ ಚಿತ್ರಗಳಲ್ಲಿ ರಕ್ಷಣಾ ದೃಷ್ಟಿಯಿಂದ ಅಡ್ಡಿಯಿಲ್ಲದವುಗಳ ಪ್ರತಿ ಕೊಡುವಂತೆ ಭಾರತ ಸರ್ವೇಕ್ಷಣ ಇಲಾಖೆಗೆ ತಾವೇ ಪತ್ರ ಬರೆಯಬೇಕು. ಮುಚ್ಚಿಹೋದ ಕೆರೆಗಳ ಅಂಗಳ, ರಾಜಕಾಲುವೆಗಳ ಹಳೆಯ ಜಾಡು ಆ ಚಿತ್ರಗಳಲ್ಲಿ ಕಣ್ಣಿಗೆ ಕಾಣುವಂತಿವೆ. ಆದ್ದರಿಂದ ಇದು ಬರೀ ಹಳೆಯ ವಸ್ತುಗಳ ಮೇಲಿನ ಪ್ರೀತಿಯ ಮಾತಲ್ಲ.

ಉಳಿದಿರುವ ತ್ರಿಕೋನಮಿತಿ ಠಾಣೆ ಹಾಗೂ ಬೆಂಚ್‌ಮಾರ್ಕುಗಳ ಪಟ್ಟಿಯನ್ನು ಲೋಕೋಪಯೋಗಿ ಇಲಾಖೆಗೂ ಪಂಚಾಯಿತಿಗಳಿಗೂ ಕೊಟ್ಟು, ಕಾಮಗಾರಿಗೆ ಮುನ್ನ ಪರಿಶೀಲನೆ ಕಡ್ಡಾಯ ಮಾಡಬೇಕು. ಜಿಲ್ಲಾ ಕಚೇರಿಗಳ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸರಪಳಿ, ಕ್ರಾಸ್ ಸ್ಟಾಫ್, ಹಿತ್ತಾಳೆಯ ಥಿಯೋಡೊಲೈಟ್‌ಗಳನ್ನು ಗುಜರಿ ಹರಾಜಿನಿಂದ ಹೊರಗಿಡಬೇಕು.

ಕೊನೆಯದಾಗಿ, ಡ್ರೋನ್, ರೋವರ್ ಹಿಡಿದು ಬರುವ ಹೊಸ ಭೂಮಾಪಕರ ತರಬೇತಿಯಲ್ಲಿ ಹಳೆಯ ದಾಖಲೆ ಓದುವ ಪಾಠ ಸೇರಿಸಬೇಕು. ಪಾಠ ಹೇಳಲು ನಮ್ಮಲ್ಲಿ ಹಲವರು ಸಂಭಾವನೆ ಇಲ್ಲದೆಯೇ ಬರಲು ಸಿದ್ಧರಿದ್ದೇವೆ. ಓಡಾಟದ ಖರ್ಚು ಕೊಟ್ಟರೆ ಬೇಡವೆನ್ನುವುದಿಲ್ಲ.

ಈ ವಿಷಯಗಳನ್ನು ಮುಖತಃ ವಿವರಿಸಲು ಕಾಲಾವಕಾಶ ನೀಡಬೇಕೆಂದೂ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದವರ ಪಟ್ಟಿ ಲಗತ್ತಿಸಿದೆ)