ಅಜ್ಜಿ ಕೇಳಿದ ಪ್ರಶ್ನೆ



ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ನಮಗೆ ಪರಿಚಿತರಾದವರ ಮನೆಗೆ ಈಚೆಗೆ ಹೋಗಿದ್ದೆವು. ತೆಂಗು, ಅಡಿಕೆ, ಒಂದಿಷ್ಟು ರಾಗಿ ಹೊಲವನ್ನು ನಂಬಿ ಬಾಳುವ ಕುಟುಂಬ ಅದು. ಆ ಮನೆಯ ಮಗಳು ವೈದ್ಯಕೀಯ ವಿದ್ಯಾರ್ಜನೆಗಾಗಿ ಕಿರ್ಗಿಸ್ತಾನದ ರಾಜಧಾನಿಯಾದ ಬಿಷ್ಕೆಕ್‌ಗೆ ಹೊರಡುವ ವಿಚಾರ ನಡೆದಿತ್ತು. ಅವರ ಮನೆತನದಲ್ಲಿ ದೇಶದ ಗಡಿ ದಾಟುವವರಲ್ಲಿ ಅವಳೇ ಮೊದಲಿಗಳು. ಪ್ರವೇಶ ಕೊಡಿಸುವ ಮಧ್ಯವರ್ತಿಯೊಬ್ಬರು ಜಗುಲಿಯಲ್ಲಿ ಕುಳಿತು, ಬಣ್ಣದ ಪುಸ್ತಿಕೆ ಬಿಡಿಸಿ, ಕಾಲೇಜಿನ ಕಟ್ಟಡ, ವಿದ್ಯಾರ್ಥಿನಿಲಯ, ಭಾರತೀಯ ಊಟದ ವ್ಯವಸ್ಥೆ ಎಲ್ಲವನ್ನೂ ವರ್ಣಿಸುತ್ತಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದೆಂದು ಎರಡೆರಡು ಬಾರಿ ಹೇಳಿದರು.

ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ಕೇಳುತ್ತಿದ್ದ ಅಜ್ಜಿ, "ಅಲ್ಲಿ ಕಾಯಿಲೆ ಬಿದ್ದೋರು ಯಾವ ಮಾತಾಡ್ತಾರಪ್ಪಾ? ಎಲ್ಲಿ ನೋವು ಅಂತ ಅವ್ರು ಹೇಳಿದ್ದು ನಮ್ಮ ಮಗೀಗೆ ತಿಳೀತದಾ?" ಎಂದು ಕೇಳಿದರು.

ಮಧ್ಯವರ್ತಿ ಪುಸ್ತಿಕೆಯ ಹಾಳೆಗಳನ್ನು ತಿರುವಿದರು. ಉತ್ತರ ಅದರಲ್ಲಿರಲಿಲ್ಲ.

ನಮ್ಮ ಮಕ್ಕಳು ವೈದ್ಯಕೀಯ ಓದಲು ಹೊರದೇಶಕ್ಕೆ ಹೋಗುವುದಕ್ಕೆ ಬಲವಾದ ಕಾರಣವೇ ಇದೆ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ಅರ್ಹತೆ ಪಡೆದವರು 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸಮಾಜದ ಹಿರಿಯರ ದೂರದೃಷ್ಟಿಯಿಂದ ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ತುಮಕೂರಿನಲ್ಲಿಯೇ 2022ರಲ್ಲಿ ಸಿದ್ಧಗಂಗಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೂ ಸರ್ಕಾರಿ ಸ್ಥಾನಕ್ಕೆ ಅಂಕ ಸಾಲದೆ, ಖಾಸಗಿ ಸ್ಥಾನಕ್ಕೆ ಹಣ ಸಾಲದೆ ನಡುವೆ ನಿಂತ ಮಕ್ಕಳ ಸಾಲು ದೊಡ್ಡದು. ಹೊರದೇಶದ ಹಾದಿ ಹಿಡಿಯುವವರಲ್ಲಿ ಹೆಚ್ಚಿನವರು ಈ ಸಾಲಿನವರೇ.

ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಅವರನ್ನು ನಾಡು ಮರೆಯಲಾರದು. ಪಿ.ಯು.ಸಿ.ಯಲ್ಲಿ ನೂರಕ್ಕೆ 97 ಅಂಕ ಬಂದರೂ ಇಲ್ಲಿ ಸ್ಥಾನ ದೊರೆಯಲಿಲ್ಲವೆಂದು ಅವರ ತಂದೆ ನೊಂದು ನುಡಿದಿದ್ದರು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಆ ತರುಣ, ಆಹಾರ ತರಲೆಂದು ಹೊರಗೆ ಬಂದಿದ್ದಾಗ 2022ರ ಮಾರ್ಚ್ 1ರಂದು ದಾಳಿಗೆ ಬಲಿಯಾದರು. ಮಾರ್ಚ್ 21ರಂದು ಅವರ ಪಾರ್ಥಿವ ಶರೀರ ತಾಯ್ನಾಡಿಗೆ ಬಂದಿತು. ಹೆತ್ತವರು ವೀರಶೈವ ಸಂಪ್ರದಾಯದಂತೆ ಪೂಜೆ ಸಲ್ಲಿಸಿ, ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಣ್ಣಿನಲ್ಲಿ ಇಡುವುದೇ ನಮ್ಮಲ್ಲಿ ವಾಡಿಕೆ. ಅದನ್ನೂ ಬದಿಗಿರಿಸಿ, ತಮ್ಮ ಮಗ ಪೂರೈಸಲಾಗದೆ ಹೋದ ಓದನ್ನು ಬೇರೆಯವರ ಮಕ್ಕಳು ಪೂರೈಸಲೆಂದು ಕೊಟ್ಟ ಆ ತಂದೆತಾಯಿಗಳದು ನಿಜವಾದ ದಾಸೋಹ.

ಯುದ್ಧವನ್ನು ಯಾರೂ ಮುಂಗಾಣಲಾರರು. ಆದರೆ ಮುಂಗಾಣಬಹುದಾದ ತೊಂದರೆಗಳನ್ನೂ ನಾವು ವಿಚಾರಿಸದೆ ಬಿಡುತ್ತಿದ್ದೇವೆ ಎಂಬುದೇ ಇಂದಿನ ನಮ್ಮ ಮಾತು. ಎರಡು ಎಕರೆ ತೋಟ ಕೊಳ್ಳುವಾಗ ಪಹಣಿ ನೋಡುತ್ತೇವೆ, ಋಣಭಾರ ಪತ್ರ ತೆಗೆಸುತ್ತೇವೆ, ಕೊಳವೆಬಾವಿಯ ನೀರು ಬೇಸಿಗೆಯಲ್ಲೂ ಬರುವುದೇ ಎಂದು ನೆರೆಯವರನ್ನು ಕೇಳುತ್ತೇವೆ. ಮಗುವಿನ ಆರು ವರ್ಷದ ಆಯುಷ್ಯವನ್ನು ಒಪ್ಪಿಸುವಾಗ ಮಾತ್ರ ಒಂದು ಪುಸ್ತಿಕೆಯನ್ನು ನಂಬುತ್ತೇವೆ.

ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳನ್ನು ಪ್ರತಿ ಪೋಷಕರೂ ತಿಳಿದಿರಬೇಕು. ಹೊರದೇಶದ ವ್ಯಾಸಂಗ ಕನಿಷ್ಠ 54 ತಿಂಗಳಿನದಾಗಿರಬೇಕು. ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಆಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಆಸ್ಪತ್ರೆಯ ತರಬೇತಿ ಆಗಬೇಕು. ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೈದ್ಯವೃತ್ತಿ ನಡೆಸಲು ನೋಂದಣಿ ಪಡೆಯುವ ಅರ್ಹತೆಯನ್ನು ಆ ಪದವಿ ಕೊಡಬೇಕು. ಇಲ್ಲಿಗೆ ಬಂದ ಮೇಲೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮತ್ತೆ 12 ತಿಂಗಳು ತರಬೇತಿ ಮುಗಿಸಬೇಕು. ಇದೆಲ್ಲಕ್ಕೂ ವ್ಯಾಸಂಗಕ್ಕೆ ಸೇರಿದ ದಿನದಿಂದ ಹತ್ತು ವರ್ಷಗಳ ಗಡುವು. ಹೊರಡುವ ಮೊದಲೇ ನೀಟ್ ಅರ್ಹತೆ ಇರಬೇಕಾದುದು ಬೇರೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಹೊರಡುವ ವರ್ಷದಲ್ಲಿ ಆಯೋಗದ ಪ್ರಕಟಣೆಯನ್ನೇ ನೋಡಬೇಕು.

ಆ ಅರ್ಹತಾ ಪರೀಕ್ಷೆ 2002ರಿಂದ ನಡೆದುಬಂದಿದೆ. ಅದರಲ್ಲಿ 300 ಪ್ರಶ್ನೆಗಳು, ತೇರ್ಗಡೆಗೆ 150 ಅಂಕ. ಕೇಳಲು ಸುಲಭ. ಆದರೆ ಎಷ್ಟೋ ಬಾರಿ ನೂರು ಮಂದಿ ಬರೆದರೆ ತೇರ್ಗಡೆಯಾದವರು ಇಪ್ಪತ್ತರ ಆಸುಪಾಸು. ಉಳಿದವರು ಪದವಿಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರಳಿ ಪುಸ್ತಕ ಹಿಡಿಯುತ್ತಾರೆ. ಊರಿನವರು "ಆಸ್ಪತ್ರೆ ಯಾವಾಗ ತೆಗೀತೀಯಾ?" ಎಂದು ಕೇಳುವರೆಂಬ ಅಳುಕಿನಿಂದ ಹಬ್ಬಕ್ಕೂ ಊರಿಗೆ ಬರದವರನ್ನು ನಾವು ಬಲ್ಲೆವು.

ಇಲ್ಲಿಯೇ ಅಜ್ಜಿಯ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು. ಬಿಷ್ಕೆಕ್‌ನ ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮುದುಕಿ ತನ್ನ ನೋವನ್ನು ಕಿರ್ಗಿಜ್ ಭಾಷೆಯಲ್ಲೋ ರಷ್ಯನ್ ಭಾಷೆಯಲ್ಲೋ ಹೇಳುತ್ತಾಳೆ. ವೈದ್ಯವಿದ್ಯೆಯ ಅರ್ಧ ಪುಸ್ತಕದಲ್ಲಿದ್ದರೆ ಉಳಿದರ್ಧ ರೋಗಿಯ ಬಾಯಲ್ಲಿದೆ. ಆ ಮಾತು ತಿಳಿಯದ ವಿದ್ಯಾರ್ಥಿ ರೋಗಿಯ ಪಕ್ಕದಲ್ಲಿ ನಿಂತೂ ದೂರದಲ್ಲಿಯೇ ಉಳಿಯುತ್ತಾನೆ. ಇದು ನಮ್ಮ ಮಕ್ಕಳಿಗಷ್ಟೇ ಬಂದ ಕಷ್ಟವಲ್ಲ. ಮಲೇಷ್ಯಾದ ಮಕ್ಕಳು ನಮ್ಮ ಬೆಳಗಾವಿಗೆ ಬಂದು ವೈದ್ಯಕೀಯ ಓದಿದ್ದಾರೆ. ಅಲ್ಲಿನ ಹಳ್ಳಿಗರ ನೋವು ಅರಿಯಲು ಅವರೂ ಕನ್ನಡ, ಮರಾಠಿ ನುಡಿಗಳಿಗೆ ಕಿವಿಗೊಡಬೇಕಾಗಿತ್ತು.

ಸಿ.ಎಸ್. ಪುರದ ಮನೆಯವರು ಮಧ್ಯವರ್ತಿಯನ್ನು ಅಂದು ಬರಿಗೈಯಲ್ಲಿ ಕಳುಹಿಸಿದರು. ಮುಂದಿನ ವಾರಗಳಲ್ಲಿ ಮಗಳೇ ಆಯೋಗದ ನಿಯಮಗಳನ್ನು ಓದಿ, ಒಂದೊಂದು ಅಂಶಕ್ಕೂ ಕಾಲೇಜಿನಿಂದ ಬರಹದಲ್ಲಿ ಉತ್ತರ ತರಿಸಿಕೊಂಡಳು. ಅಲ್ಲಿ ಓದುತ್ತಿರುವ ಕನ್ನಡದ ಹಿರಿಯ ವಿದ್ಯಾರ್ಥಿಗಳೊಂದಿಗೆ ದೂರವಾಣಿಯಲ್ಲಿ ಮಾತನಾಡಿದಳು. ತಂದೆ ತೋಟ ಮಾರುವ ಯೋಚನೆ ಬಿಟ್ಟು ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದರು. ಶುಲ್ಕವನ್ನು ಮಧ್ಯವರ್ತಿಯ ಕೈಗೆ ಕೊಡದೆ ನೇರವಾಗಿ ಕಾಲೇಜಿಗೇ ಕಟ್ಟಿ ರಸೀದಿ ಪಡೆದರು. ಅಲ್ಲಿಗೆ ತಲುಪಿದೊಡನೆ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದೆಂದು ನಿಶ್ಚಯವಾಯಿತು. ಹುಡುಗಿ ಸಂಜೆ ಹೊತ್ತು ಅಡಿಗೆಮನೆಯಲ್ಲಿ ಕುಳಿತು ರಷ್ಯನ್ ಅಕ್ಷರ ತಿದ್ದತೊಡಗಿದಳು. "ಎಲ್ಲಿ ನೋವು?" ಎಂಬುದನ್ನು ರಷ್ಯನ್ ಭಾಷೆಯಲ್ಲಿ ಮೊದಲು ಹೇಳಿ ತೋರಿಸಿದ್ದು ಅಜ್ಜಿಗೇ.

ಹೊರಡುವ ದಿನ ನಾವೂ ಅಲ್ಲಿದ್ದೆವು. ಹುರಿಹಿಟ್ಟು, ಚಟ್ನಿಪುಡಿ, ವಿಭೂತಿ ಗಟ್ಟಿ ಪೆಟ್ಟಿಗೆ ಸೇರಿದವು. ಕೊರಳಲ್ಲಿ ಇಷ್ಟಲಿಂಗ ಇತ್ತು. ಲಿಂಗವಂತರ ಮಕ್ಕಳಿಗೆ ದೇವರನ್ನು ಊರಿನಲ್ಲಿ ಬಿಟ್ಟು ಹೋಗುವ ಪ್ರಮೇಯವಿಲ್ಲ. ನೆಂಟರು ಕೆಲವರು 'ಡಾಕ್ಟರ್' ಎಂದು ಹೆಸರಿನ ಮುಂದೆ ಹಾಕಿಸಿ ಬೀದಿಯಲ್ಲಿ ಫ್ಲೆಕ್ಸ್ ಕಟ್ಟಿಸಲು ಹೊರಟಿದ್ದರು. ತಂದೆ ಕೈಮುಗಿದು ಬೇಡವೆಂದರು. ಬಸ್ಸು ಬಂದಾಗ ಅವರು ಮಗಳಿಗೆ ಹೇಳಿದ್ದು ಇಷ್ಟೆ: "ಆಗಲಿಲ್ಲ ಅಂದ್ರೆ ಬಂದ್ಬಿಡಮ್ಮ. ತೋಟ ಇಲ್ಲೇ ಇರ್ತದೆ, ನಾವೂ ಇಲ್ಲೇ ಇರ್ತೀವಿ."

ಮಕ್ಕಳನ್ನು ದೂರದೇಶಕ್ಕೆ ಕಳುಹಿಸುವುದು ತಪ್ಪಲ್ಲ. ವಿಚಾರಿಸದೆ ಕಳುಹಿಸುವುದು ತಪ್ಪು. ಮರಳಿ ಬರುವ ಬಾಗಿಲು ತೆರೆದಿದೆ ಎಂದು ಹೇಳದೆ ಕಳುಹಿಸುವುದು ಅದಕ್ಕಿಂತ ದೊಡ್ಡ ತಪ್ಪು. ಮನೆತನದ ಮಾನವನ್ನು ಮಗುವಿನ ಹೆಗಲಿಗೆ ಕಟ್ಟಿ ವಿಮಾನ ಹತ್ತಿಸಿದರೆ, ಸೋತ ದಿನ ಆ ಮಗು ಯಾರಿಗೆ ಹೇಳಿಕೊಂಡೀತು?

ಬಿಷ್ಕೆಕ್‌ನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿದೆ. ಮಗಳು ರಾತ್ರಿ ಊಟ ಮುಗಿಸಿ ಕರೆ ಮಾಡುವ ಹೊತ್ತಿಗೆ ಸಿ.ಎಸ್. ಪುರದಲ್ಲಿ ಇನ್ನೂ ಒಲೆ ಆರಿರುವುದಿಲ್ಲ. ಅಜ್ಜಿ ಮಾತ್ರ ಕೈ ತೊಳೆದುಕೊಂಡು ದೂರವಾಣಿಯ ಬಳಿ ಆಗಲೇ ಕುಳಿತಿರುತ್ತಾರೆ.