ಸಂಘದ ಕಟ್ಟೆಯಿಂದ: ರಜೆಯೊಳಗೆ ಏಳುವ ಶಾಲೆ

ಊರಿನ ಶಾಲೆಯೊಂದಕ್ಕೆ ನಮ್ಮ ಸಂಘದ ವತಿಯಿಂದ ಎರಡು ಕೊಠಡಿ ಕಟ್ಟಿಸಿಕೊಡುವ ಮಾತು ಕಳೆದ ಸಭೆಯಲ್ಲಿ ಬಂದದ್ದು ಸದಸ್ಯ ಬಂಧುಗಳಿಗೆ ತಿಳಿದೇ ಇದೆ. ಹಣದ ವಿಷಯದಲ್ಲಿ ಯಾರೂ ಹಿಂದೆ ಸರಿಯಲಿಲ್ಲ. ಜೋರು ಚರ್ಚೆಯಾದದ್ದು ಹೇಗೆ ಕಟ್ಟುವುದು ಎಂಬುದರ ಮೇಲೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟು ಹಲಗೆಗಳನ್ನು ಲಾರಿಯಲ್ಲಿ ತಂದು ಜೋಡಿಸಿಬಿಟ್ಟರೆ ಬೇಸಿಗೆ ರಜೆಯೊಳಗೇ ಕೆಲಸ ಮುಗಿಯುತ್ತದೆ ಎಂದು ಕೆಲವರ ವಾದ. ಅಲ್ ಗುಬ್ರಾದಲ್ಲಿರುವ ನಮಗೆ ಇದು ವಿಚಿತ್ರವೆನಿಸದು. ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ಎದುರಿನ ಖಾಲಿ ಜಾಗದಲ್ಲಿ ಕಟ್ಟಡ ನಿಂತಿರುತ್ತದೆ!

ಅವಸರಕ್ಕೆ ಕಾರಣವಿರುತ್ತದೆ, ನಿಜ. 1970ರಲ್ಲಿ ಇಡೀ ಒಮಾನಿನಲ್ಲಿ ಇದ್ದದ್ದು 3 ಶಾಲೆ, 909 ಹುಡುಗರು. ಮುಂದೆ ಶಾಲೆಗಳನ್ನು ತೆರೆಯುತ್ತಾ ಹೋದಾಗ ಗುಡಾರಗಳಲ್ಲೂ ಪಾಠ ನಡೆಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಬಾಂಬಿಗೆ ಬಿದ್ದ ಶಾಲೆಗಳು ಒಂದೆಡೆ. 1947ರಲ್ಲಿ ಶಾಲೆ ಬಿಡುವ ವಯಸ್ಸನ್ನು 15ಕ್ಕೆ ಏರಿಸಿದ್ದರಿಂದ ಬಂದ ಹೆಚ್ಚಿನ ಮಕ್ಕಳು ಇನ್ನೊಂದೆಡೆ. ಇಟ್ಟಿಗೆಯಿಲ್ಲ, ಮರವಿಲ್ಲ, ಗಾರೆಯವರಿಲ್ಲ. ಆಗ ಸರ್ಕಾರ 'ಹೋರ್ಸಾ' ಎಂಬ ಕಾಂಕ್ರೀಟು ಬಿಡಿಭಾಗಗಳ ಕೊಠಡಿಗಳನ್ನು ಶಾಲೆಯಂಗಳಗಳಲ್ಲಿ ನಿಲ್ಲಿಸಿತು. ತಾತ್ಕಾಲಿಕವೆಂದು ಕಟ್ಟಿದವುಗಳಲ್ಲಿ ಎಷ್ಟೋ ಕೊಠಡಿಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಪಾಠ ನಡೆಯಿತು. ತಾತ್ಕಾಲಿಕ ಎಂಬ ಪದವನ್ನು ನಾವು ಗಲ್ಫಿನವರು ಯಾರಿಂದಲೂ ಕಲಿಯಬೇಕಿಲ್ಲ. ಎರಡು ವರ್ಷಕ್ಕೆಂದು ಬಂದವರಲ್ಲವೆ ನಾವೆಲ್ಲ!

ನಮ್ಮ ದೇಶದಲ್ಲೂ ದೇಶವಿಭಜನೆಯ ನಿರಾಶ್ರಿತರಿಗೆ ಮನೆ ಒದಗಿಸಲು ದೆಹಲಿಯಲ್ಲಿ ಸರ್ಕಾರಿ ಕಾರ್ಖಾನೆಯೇ ಹುಟ್ಟಿತು. ಅದು 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಆಗಿ, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು.

ಹಾಗಾದರೆ ತಕರಾರು ಎಲ್ಲಿ? ಹಲಗೆಯಲ್ಲಿ ಅಲ್ಲ ಎನ್ನುತ್ತೇವೆ. ನೆರಳಿನಲ್ಲಿ, ಅಳತೆಗೆ ಸರಿಯಾಗಿ ಎರಕ ಹೊಯ್ದು ನೀರುಣಿಸಿದ ಹಲಗೆ ಬಿಸಿಲಲ್ಲಿ ಸುರಿದ ಆರ್‌ಸಿಸಿಗಿಂತ ಗಟ್ಟಿಯಾಗಿಯೇ ಇರಬಹುದು. ತಕರಾರು ಇರುವುದು ಹಲಗೆ ಗೋಡೆಯ ಮೇಲೆ ಕೂರುವ ಕಡೆ, ಹಲಗೆಗೆ ಹಲಗೆ ಸೇರುವ ಕಡೆ. 2001ರ ಜನವರಿ 26ರಂದು ಕಚ್ಛ್ ನಡುಗಿದಾಗ, ಅದಕ್ಕೆ ಸ್ವಲ್ಪ ಮೊದಲಷ್ಟೇ ಜೋಡಿಸಿ ಕಟ್ಟಿದ್ದ ಹಳ್ಳಿಶಾಲೆಗಳು ಬಹಳಷ್ಟು ಕುಸಿದವು. ಹಲಗೆಗಳು ಮುರಿದದ್ದಕ್ಕಿಂತ ಆಸರೆ ತಪ್ಪಿ ಜಾರಿ ಬಿದ್ದದ್ದೇ ಹೆಚ್ಚು. ಒಂದಕ್ಕೊಂದು ಬಿಗಿದ ಕಟ್ಟು ಸಾಲದಾಗಿತ್ತು. ಅಂದು ಗಣರಾಜ್ಯೋತ್ಸವ, ತರಗತಿಗಳು ನಡೆಯುತ್ತಿರಲಿಲ್ಲ. ನಡೆಯುತ್ತಿದ್ದರೆ ಎಂಬುದನ್ನು ಬರೆಯಲು ಕೈ ಬಾರದು.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಯುದ್ಧದ ನಂತರದ ದಶಕಗಳಲ್ಲಿ ಶಾಲೆಗಳ ಮಾಡಿಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಹಲಗೆ ಹಾಕಿದ್ದರು. ನೀರು ಇಳಿದರೆ ಅದು ಸೊರಗುತ್ತದೆ; ಮೇಲೆ ಬಿರುಕೂ ಕಾಣದೆ ಒಮ್ಮೆಲೇ ಬೀಳುವುದುಂಟು. 2018ರಲ್ಲಿ ಕೆಂಟ್ ಪ್ರಾಂತ್ಯದ ಶಾಲೆಯೊಂದರ ಮಾಡು ವಾರದ ರಜೆಯ ದಿನ ಬಿತ್ತು. 2023ರ ಆಗಸ್ಟ್ ಕೊನೆಯ ದಿನ, ಶಾಲೆ ತೆರೆಯುವ ಹೊತ್ತಿಗೆ, ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಕೊಠಡಿಗಳನ್ನು ಮುಚ್ಚಲು ಆಜ್ಞೆ ಬಂತು.

ಇದನ್ನು ಓದಿ ಯಾರೂ ಹೌಹಾರಿ ಚಂದಾ ಹಿಂದೆ ಕೇಳಬಾರದು! ಎರಕದ ಕೊಠಡಿ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಮುಂಗಡ ಕೊಡುವ ಮುನ್ನ ಕಂಟ್ರಾಕ್ಟರರಿಂದ ಜೋಡಣೆಯ ನಕ್ಷೆಯನ್ನೇ ತರಿಸಬೇಕು. ಹಲಗೆಯ ತುದಿ ತೊಲೆಯ ಮೇಲೆ ಎಷ್ಟು ಅಂಗುಲ ಕೂರುತ್ತದೆ? ಹಲಗೆಗಳ ಸರಳುಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಸರಳಿನ ಬಲೆ ಹಾಸಿ ಕಾಂಕ್ರೀಟು ಸುರಿಯುತ್ತಾರೋ, ಬರೀ ಗಾರೆ ತುಂಬಿ ಕೈ ತೊಳೆದುಕೊಳ್ಳುತ್ತಾರೋ? ಶಾಲೆ ಇರುವುದು ಕರಾವಳಿಯಲ್ಲಿ. ಮಳೆಗಾಲದಲ್ಲಿ ಸಂದಿಗೆ ನೀರಿಳಿಯದಂತೆ ಏನು ಮಾಡುತ್ತಾರೆ? ಉಪ್ಪು ಗಾಳಿ ಕಬ್ಬಿಣವನ್ನು ಏನು ಮಾಡುತ್ತದೆಂದು ಇಲ್ಲಿನ ಬಾಲ್ಕನಿಗಳನ್ನು ಕಂಡವರಿಗೆ ಹೇಳಬೇಕಿಲ್ಲ.

ನಮ್ಮಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಬರವಿಲ್ಲ. ಅವರಲ್ಲಿ ಇಬ್ಬರು ಈ ಸಲ ಊರಿಗೆ ಹೋದಾಗ ಒಂದು ದಿನ ಮಾಡು ಕೂರಿಸುವ ಹೊತ್ತಿಗೆ ಅಲ್ಲಿ ನಿಲ್ಲುವುದಾದರೆ ಕಾರ್ಯದರ್ಶಿಯವರಿಗೆ ಈಗಲೇ ಹೆಸರು ಕೊಡಿರಿ. ರಜೆಯೊಳಗೆ ಮುಗಿಯದಿದ್ದರೆ ಮಕ್ಕಳು ಇನ್ನೊಂದು ತಿಂಗಳು ಹಳೆಯ ಹೆಂಚಿನ ಕೊಠಡಿಯಲ್ಲೇ ಕೂರಲಿ.