ಅರವತ್ತಕ್ಕೆ ಅರಳು ಮರಳು ಆಗಲೇಬೇಕೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕೇಳದ ಮನೆ ಯಾವುದಿದೆ ಹೇಳಿ? ಅತ್ತೆಯವರು ಕನ್ನಡಕ ಹುಡುಕಾಡಿದರೆ ಸಾಕು, ‘ಅಜ್ಜಿಗೆ ಶುರುವಾಯ್ತು’ ಅಂತ ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ನಲವತ್ತೈದು ದಾಟಿದವರಿಗೆ ಒಳಗೊಳಗೇ ಅಳುಕು, ನಾಳೆ ನನ್ನ ಗತಿಯೂ ಇದೇ ಏನೋ ಎಂದು. ಸೋದರಿಯರೇ, ಈ ಸಲ ಆ ಅಳುಕಿನ ಬಗ್ಗೆಯೇ ನಾಲ್ಕು ಮಾತಾಡೋಣ.

ಮೊದಲು ಧೈರ್ಯದ ಮಾತು. ವಯಸ್ಸಾದವರಿಗೆಲ್ಲ ಬುದ್ಧಿ ಮಂಕಾಗುತ್ತದೆ ಎಂಬುದು ನಿಜವಲ್ಲ. 1988ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಕಾಟ್ಜ್‌ಮನ್ ಮತ್ತು ಸಂಗಡಿಗರು, ತೀರಿಕೊಂಡ ವೃದ್ಧರ ಮಿದುಳನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. ಕೆಲವರ ಮಿದುಳಿನಲ್ಲಿ ಆಲ್ಜೈಮರ್ ಎಂಬ ಮರೆವಿನ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು. ಆದರೂ ಅವರು ಬದುಕಿದ್ದಾಗ ಚುರುಕಾಗಿಯೇ ಇದ್ದರು!

ಇದು ಹೇಗೆ ಸಾಧ್ಯ ಅಂತೀರಾ? ತುಮಕೂರು, ಹಾಸನದ ಕಡೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದವರಿಗೆ ಗೊರಗುಂಟೆಪಾಳ್ಯ ಗೊತ್ತಿರುತ್ತದೆ. 2021ರ ಡಿಸೆಂಬರಿನಲ್ಲಿ, ಒಳಗಿನ ಕೇಬಲ್ ಕೆಟ್ಟಿದೆಯೆಂದು ಅಲ್ಲಿನ ಪೀಣ್ಯ ಮೇಲ್ಸೇತುವೆಯನ್ನು ಮುಚ್ಚಿದರು. ಸಣ್ಣ ವಾಹನಗಳಿಗೂ ಮತ್ತೆ ಬಿಟ್ಟದ್ದು 2022ರ ಫೆಬ್ರವರಿಯಲ್ಲಿ. ಅಂಥ ಹೊತ್ತಿನಲ್ಲಿ ಒಂದೇ ದಾರಿ ಬಲ್ಲವರು ಸಿಕ್ಕಿಹಾಕಿಕೊಳ್ಳುತ್ತಾರೆ, ಒಳದಾರಿ ಬಲ್ಲವರು ಹೇಗೋ ಮನೆ ಸೇರುತ್ತಾರೆ. ಮಿದುಳೂ ಹಾಗೇ. ಬದುಕಿನುದ್ದಕ್ಕೂ ಕಲಿತದ್ದು, ಯೋಚಿಸಿದ್ದು, ನಾಲ್ಕು ಜನರೊಡನೆ ಬೆರೆತದ್ದು ಇವೆಲ್ಲ ಅದರೊಳಗೆ ಒಳದಾರಿಗಳಾಗುತ್ತವೆ. ಒಂದು ದಾರಿ ಕೆಟ್ಟರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಇದನ್ನು ಮಿದುಳಿನ ಮೀಸಲು ಶಕ್ತಿ ಎನ್ನೋಣ. ಇದರಿಂದ ಕಾಯಿಲೆ ವಾಸಿಯಾಗದು. ಆದರೆ ಅದು ತಲೆಯೆತ್ತುವುದು ತಡವಾಗುತ್ತದೆ. ಆ ನಾಲ್ಕಾರು ವರ್ಷ ನಮ್ಮ ಪಾಲಿಗೆ ಎಷ್ಟು ದೊಡ್ಡದು!

‘ನಾವೇನು ಕಾಲೇಜು ಓದಿದವರೇ?’ ಎನ್ನಬೇಡಿ. ಹೈದರಾಬಾದಿನಲ್ಲಿದ್ದು, ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ಮಂದಿಯನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರವೇ ಬಾರದವರಲ್ಲೂ ಈ ವ್ಯತ್ಯಾಸ ಇತ್ತು! ಎಲ್ಲ ದೇಶಗಳ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ನಿಜ. ಆದರೂ ನಮ್ಮ ಹೆಂಗಸರು ಹಿಗ್ಗಬೇಕಾದ ಮಾತು. ಪೀಣ್ಯದ ಕಾರ್ಖಾನೆಗಳಿಗೆಂದು ನಾನಾ ಊರಿನವರು ಬಂದು ನೆಲೆಸಿದ ಗೊರಗುಂಟೆಪಾಳ್ಯದಂಥ ಕಡೆ, ಮನೆಯಲ್ಲಿ ಕನ್ನಡ, ಪಕ್ಕದ ಮನೆಯಾಕೆಯೊಡನೆ ತೆಲುಗು, ಸೊಪ್ಪಿನವಳ ಹತ್ತಿರ ತಮಿಳು ನಡೆಯುತ್ತಲೇ ಇರುತ್ತದೆ. ನಿಮ್ಮೂರಿನಲ್ಲಿ ಅದು ತುಳುವೋ, ಮರಾಠಿಯೋ, ಉರ್ದುವೋ ಇದ್ದೀತು. ‘ಅದೇನು ಮಹಾ’ ಅಂತ ತಳ್ಳಿಹಾಕಬೇಡಿ.

ಇನ್ನು ಸ್ವಲ್ಪ ಕಹಿ ಮಾತು. ‘ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ’ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅಡುಗೆಮನೆಯ ಲೆಕ್ಕ, ನೆನಪು, ಮಾತುಕತೆ ಮೂರನ್ನೂ ಅವರಿಂದ ಒಟ್ಟಿಗೇ ಕಿತ್ತುಕೊಂಡ ಹಾಗಾಯಿತಲ್ಲವೇ? ವಿಶ್ರಾಂತಿ ಮೈಗೆ ಬೇಕು, ಬುದ್ಧಿಗೆ ಕೆಲಸ ಬೇಕು. ಹಾಗಾದರೆ ಏನು ಮಾಡಬಹುದು?

1. ಹಿರಿಯರಿಗೆ ಕೈಲಾಗುವ ಜವಾಬ್ದಾರಿ ಕೊಡಿ. ಹಾಲಿನ ಲೆಕ್ಕ, ಹಬ್ಬದ ಸಾಮಾನಿನ ಪಟ್ಟಿ, ಉಪ್ಪಿನಕಾಯಿಯ ಹದ ಅವರದೇ ಇರಲಿ.

2. ನೀವೂ ಹೊಸದು ಕಲಿಯಿರಿ. ಬಾರದ ಹಾಡು, ಬಾರದ ಕಸೂತಿ, ನೆರೆಮನೆಯ ಭಾಷೆ ಯಾವುದಾದರೂ ಸರಿ. ಮಧ್ಯಾಹ್ನ ಮಕ್ಕಳೊಡನೆ ಚೌಕಾಬಾರ, ಅಳಗುಳಿಮಣೆ ಆಡಿ.

3. ಕಿವಿ, ಕಣ್ಣು ನೋಡಿಸಿ. ಕಿವಿ ಮಂದವಾದರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಮನಸ್ಸು ಮುದುಡುತ್ತದೆ. 2024ರ ಲ್ಯಾನ್ಸೆಟ್ ವರದಿ ಹೇಳಿದ, ನಾವು ಹತೋಟಿಯಲ್ಲಿಡಬಹುದಾದ 14 ಕಾರಣಗಳಲ್ಲಿ ಇವೆರಡೂ ಸೇರಿವೆ.

4. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದೆಯೇ ಎಂದು ನಲವತ್ತರಲ್ಲೇ ಪರೀಕ್ಷಿಸಿಕೊಳ್ಳಿ. ಮರೆವಿನ ಬೀಜ ಬೀಳುವುದು ನಡುವಯಸ್ಸಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಅಧ್ಯಯನಕ್ಕೆ 45ರಿಂದಲೇ ಜನರನ್ನು ಸೇರಿಸಿಕೊಂಡದ್ದು ಸುಮ್ಮನಲ್ಲ.

5. ದಿನಾ ಅರ್ಧ ಗಂಟೆ ನಡೆಯಿರಿ. ಜೊತೆಗೆ ಗೆಳತಿಯೊಬ್ಬಳಿದ್ದರೆ ಮೈಗೂ ಮನಸ್ಸಿಗೂ ಹಿತ.

ಕೊನೆಗೊಂದು ಎಚ್ಚರಿಕೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಮರೆವು ಎಲ್ಲರಿಗೂ ಸಹಜ. ಜೀವಮಾನವೆಲ್ಲ ಮಾಡಿದ ಸಾರಿನ ಕ್ರಮವೇ ತೋಚದಿದ್ದರೆ, ದಿನಾ ಹೋಗುವ ದಾರಿಯೇ ತಪ್ಪಿದರೆ, ಅದು ಸಹಜವಲ್ಲ. ‘ವಯಸ್ಸಾಯ್ತು ಬಿಡಿ’ ಎನ್ನದೆ ವೈದ್ಯರ ಬಳಿ ಕರೆದೊಯ್ಯಿರಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇಂಥದಕ್ಕೆ ಚಿಕಿತ್ಸೆ ಇದೆ, ಬೇಗ ಹೋದಷ್ಟೂ ಒಳ್ಳೆಯದು. ಗಾದೆ ನಂಬಿಕೊಂಡು ಮನೆಯಲ್ಲೇ ಕೂತರೆ ವಾಸಿಯಾಗುವ ಮರೆವೂ ವಾಸಿಯಾಗದೆ ಉಳಿದೀತು.